ಅಪ್ಪ ಮಾತು ಬದಲಾಯಿಸೋ ಮುಂಚೆ

ಮಹೇಂದ್ರ,

ಡ್ಯೂಟೀಲಿ ನೀನು ಫೋನ್ ತೆಗೆಯಲ್ಲ, ಅದಕ್ಕೇ ಈ ಚೀಟಿ. ಅಪ್ಪನ ರಿಪೋರ್ಟ್ ಬಂತು. ಕುತ್ತಿಗೆ ಗಂಟು ಕ್ಯಾನ್ಸರ್ ಅಲ್ವಂತೆ ಕಣೋ! ಮಾತ್ರೇಲೇ ವಾಸಿ ಆಗುತ್ತೆ ಅಂದ್ರು ಡಾಕ್ಟರ್. ನಾನು ಆಸ್ಪತ್ರೆ ಮೆಟ್ಟಿಲ ಮೇಲೇ ಕೂತು ಅತ್ತುಬಿಟ್ಟೆ.

ಅಪ್ಪ ಒಳಗೆ ಗೊರಕೆ ಹೊಡೀತಿದ್ದಾರೆ, ಎಬ್ಬಿಸ್ಬೇಡ. ಬಸ್ಸಾರು ಒಲೆ ಮೇಲಿದೆ, ಬಿಸಿ ಮಾಡ್ಕೋ.

ಹೋದ ವಾರ ಅಪ್ಪ, ಇನ್ನೇನು ನನ್ನ ಕಥೆ ಮುಗೀತು ಅಂದ್ಕೊಂಡು, ನಿಂದೂ ಮೋನಿಷಾದೂ ಮದ್ವೆಗೆ ಹೂಂ ಅಂದ್ರಲ್ಲ? ಇವತ್ತು ಆಟೋ ಹೆಬ್ಬಾಳ ದಾಟೋಷ್ಟ್ರಲ್ಲೇ, "ರಾಧಾ, ಆ ಮಾತು ವಾಪಸ್ ತಗೋಬೋದಾ?" ಅಂತ ಕೇಳಿದ್ರು! ನಾನು ಕೇಳಿಸ್ದೇ ಇರೋ ಥರ ಕೂತಿದ್ದೆ.

ಅದಕ್ಕೇ ಈಗ್ಲೇ ತಣಿಸಂದ್ರಕ್ಕೆ, ಮೋನಿಷಾ ಮನೆಗೆ ಹೊರಟಿದೀನಿ. ಭಾನುವಾರ ಹೆಣ್ಣು ಕೇಳೋಕೆ ಬರ್ತೀವಿ ಅಂತ ಅವಳ ಅಪ್ಪ ಅಮ್ಮಂಗೆ ಹೇಳಿಬಿಡ್ತೀನಿ. ಅಪ್ಪ ಎದ್ದು ಕೇಳಿದ್ರೆ, ಅಕ್ಕ ಮಾತ್ರೆ ತರೋಕೆ ಹೋದ್ಲು ಅನ್ನು. ಹೇಳುವಾಗ ನಗ್ಬೇಡ, ಸಿಕ್ಕಿಹಾಕ್ಕೋತೀಯ.

ಗೊತ್ತಾದ್ಮೇಲೆ ಸೂರು ಕಿತ್ತೋಗೋ ಹಂಗೆ ಬೈತಾರೆ. ಸುಮ್ನೆ ನಿಂತು ಬೈಸ್ಕೋ. ಮೂರು ವಾರದಿಂದ ಅವರು ಯಾರನ್ನೂ ಬೈದೇ ಇಲ್ಲ ಕಣೋ.

ಅಕ್ಕ