ಬೋರಿನ ಬಾಯಿ

ತೋಟದ ಮನೆ, ಯರಗಟ್ಟಿ ಹತ್ತಿರ
೫ ಏಪ್ರಿಲ್ ೨೦೨೫, ಶನಿವಾರ

ಮಧೂನ ಅಪ್ಪಾಜಿಗೆ,

ಅನ್ನಪೂರ್ಣಾಳ ನಮಸ್ಕಾರ. ಇಲ್ಲಿ ಎಲ್ಲರೂ ಅರಾಮ ಇದ್ದೇವೆ. ನೀವೂ, ನಿಮ್ಮ ಬೋರ್ ಗಾಡಿಯ ಹುಡುಗರೂ ಅರಾಮ ಇದ್ದೀರಿ ಅಂದುಕೊಂಡಿದ್ದೇನೆ. ಇದನ್ನು ಯುಗಾದಿಗೆ ಮುಂಚೆಯೇ ಬರೆಯಬೇಕಿತ್ತು, ತಡವಾಯಿತು, ಸಿಟ್ಟಾಗಬೇಡಿರಿ. ದಿನಾ ಫೋನ್ ಮಾಡುವವರಿಗೆ ಪತ್ರ ಯಾಕೆ ಅಂತ ನಗಲೂಬೇಡಿರಿ. ನನ್ನ ಫೋನು ಹೋದ ಮೇಲೆ ನೀವು ಮಾವನವರ ಫೋನಿಗೆ ಮಾಡುತ್ತೀರಿ, ಅವರು ಸ್ಪೀಕರ್ ಹಚ್ಚಿ ಪಡಸಾಲೆಯಲ್ಲಿ ಇಡುತ್ತಾರೆ. ಎಲ್ಲರೆದುರು "ಊಟ ಆತೇನ್ರಿ" ಅನ್ನುವುದು ಬಿಟ್ಟು ನಾನು ಏನು ಕೇಳಲಿ? ಸುನೀಲ ರಜೆ ಮುಗಿಸಿ ಗಾಡಿಗೆ ವಾಪಸು ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಒಬ್ಬರೇ ಇದ್ದಾಗ ಓದಿರಿ.

ಈಗ ಮಧ್ಯಾಹ್ನ, ಅತ್ತೆಯವರು ಅಡ್ಡಾಗಿದ್ದಾರೆ. ಮಧು ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ಅವಳ ಕಾಲಿಗೆ ನನ್ನ ಸೆರಗು ಕಟ್ಟಿದ್ದೇನೆ. ಅದನ್ನು ನೋಡಿ ಅತ್ತೆಯವರು, "ಏನಬೇ, ಆಕಳ ಕರಾ ಕಟ್ಟಿದಂಗ ಕಟ್ಟೀಯಲ್ಲ ಕೂಸಿನ್ನ! ಎಲ್ಲಿಗೆ ಓಡಿ ಹೋಗತೈತಿ ಅದು?" ಅಂತ ನಕ್ಕರು. ಎಲ್ಲಿಗೆ ಅಂತ ಹೇಳುವ ಧೈರ್ಯ ನನಗಾಗಲಿಲ್ಲ.

ನಮ್ಮ ಹೊಲದ ಬೋರಿಗೆ.

ನೀರು ಬೀಳಲಿಲ್ಲ ಅಂತ ನೀವೇ, ಮಣ್ಣು ಕುಸಿಯದಂತೆ ಇಳಿಸಿದ್ದ ಕೇಸಿಂಗ್ ಪೈಪು ಕಿತ್ತು ಇನ್ನೊಬ್ಬರ ಹೊಲಕ್ಕೆ ಒಯ್ದಿರಿ. "ಮುಂದಿನ ಸಲ ಕಬ್ಬಿಣದ ಮುಚ್ಚಳ ತರತೇನಿ, ಅಲ್ಲೀತನಕ ಮ್ಯಾಲೆ ಕಲ್ಲು ಹೇರ್ರಿ" ಅಂದಿದ್ದಿರಿ. ಈಗ ಅಂಚಿನ ಮಣ್ಣು ಉದುರಿ ಉದುರಿ ಬಾಯಿ ಅಗಲವಾಗಿದೆ, ಕೊಡ ಸಲೀಸಾಗಿ ಇಳಿಯುತ್ತದೆ. ನಾನು ಕಲ್ಲು ಹೇರಿದರೆ ಮಾವನವರು ತೆಗೆಯುತ್ತಾರೆ. ಮೈಮೇಲೆ ದೇವರು ಬರುವ ಗುಡ್ಡದ ಕರೆವ್ವ ಹೇಳಿಕೆ ಹೇಳಿದ್ದಾಳಂತೆ: ನೀರಿನ ತಾಯಿ ಗಂಗವ್ವ ಸನಿಹಕ್ಕೆ ಬಂದಿದ್ದಾಳೆ, ಆದರೆ ಮುನಿಸಿಕೊಂಡಿದ್ದಾಳೆ, ಉಡಿ ತುಂಬುವ ತನಕ ಅವಳ ಬಾಯಿ ಮುಚ್ಚಬಾರದು. ಹೀಗಾಗಿ ಅದರ ಮೇಲೆ ಒಂದು ಗೋಣಿಚೀಲ ಅಷ್ಟೇ ಇದೆ. ಗಾಳಿ ಬಂದರೆ ಅದೂ ಇಲ್ಲ.

ಮಾವನವರು ದಿನಾ ಮುಂಜಾನೆ ಮಧೂನ ಕೈ ಹಿಡಿದು ಅಲ್ಲಿಗೆ ಹೋಗುತ್ತಾರೆ. ಒಂದು ಹರಳುಕಲ್ಲು ಒಳಗೆ ಬಿಟ್ಟು, ಕಿವಿಗೊಟ್ಟು ಕೂಡುತ್ತಾರೆ. "ಗಂಗವ್ವ ಏನಂದ್ಲು ಹೇಳು ನೋಡೂಣು?" ಅಂತ ಅವಳನ್ನು ಕೇಳುತ್ತಾರೆ. ಇವಳು ತಾನೂ ಬಗ್ಗಿ ಕಿವಿಗೊಡುತ್ತಾಳೆ. ಈಗ ಅವಳ ಫ್ರಾಕಿನ ಜೇಬಿನ ತುಂಬ ಹರಳು. ನಾನು ಚೆಲ್ಲಿದಷ್ಟೂ ಮತ್ತೆ ತುಂಬಿಕೊಳ್ಳುತ್ತಾಳೆ.

ಬರುವ ಶನಿವಾರ ದವನದ ಹುಣ್ಣಿಮೆ. ಅಂದೇ ಉಡಿ ತುಂಬುವುದು. ಖಣ, ಅಕ್ಕಿ, ಉತ್ತತ್ತಿ, ಅರಿಷಿಣ ಕೊಂಬು, ಹಸಿರು ಬಳೆ ಎಲ್ಲ ಸವದತ್ತಿಯಿಂದ ಬಂದಿವೆ. ಮನೆಯ ಹೆಣ್ಣುಕೂಸು ಅಂಚಿಗೆ ಕೂತು ತನ್ನ ಕೈಯಾರೆ ಒಂದೊಂದೇ ಒಳಗೆ ಬಿಡಬೇಕಂತೆ. "ಉಡಿ ನಾನ ತುಂಬತೇನ್ರಿ" ಅಂದೆ. ಅತ್ತೆಯವರು, "ನೀ ಬ್ಯಾರೆ ಮನಿಯಿಂದ ಬಂದಾಕಿ. ಈ ಮನಿ ಕುಡೀನ ಆಗಬೇಕು" ಅಂದುಬಿಟ್ಟರು. ಮಾವನವರು ಮಾತ್ರ ಸಮಾಧಾನದಿಂದ, "ನಾ ಹಿಡಕೊಂಡ ಕೂಡತೇನಿ ತಂಗೀ. ನಿನಗ ಮಗಳಾದ್ರ ನನಗ ಮೊಮ್ಮಗಳಲ್ಲೇನು?" ಅಂದರು. ಕೆಟ್ಟವರಲ್ಲ ಅವರು. ಆದರೆ ಆ ಕೈ ನಿಮಗೆ ಗೊತ್ತಲ್ಲ. ಚಹಾದ ಬಟ್ಟಲು ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧ ಚೆಲ್ಲಿರುತ್ತದೆ.

ಸೋಮವಾರ ಅವರು ನಿಮಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದರು. ನಾನು ರೊಟ್ಟಿ ಬಡಿಯುವುದು ನಿಲ್ಲಿಸಿ ಕೇಳಿದೆ. ನೀವು "ಹೂಂ, ನೋಡಕೊಂಡ ಮಾಡ್ರಿ" ಅಂದಿರಿ. ಹಂಚಿನ ಮೇಲಿನ ರೊಟ್ಟಿ ಹೊತ್ತಿದ್ದು ಆಮೇಲೆ ಗೊತ್ತಾಯಿತು. ಊರೂರು ತಿರುಗಿ ನೆಲಕ್ಕೆ ತೂತು ಹಾಕುವವರು ನೀವು. ಅದರೊಳಗೆ ಹೋದದ್ದು ಹೇಗೆ ಹೊರಗೆ ಬರುತ್ತದೆ, ಬರುತ್ತದೋ ಇಲ್ಲವೋ, ನಿಮಗಿಂತ ಹೆಚ್ಚು ಯಾರು ಬಲ್ಲರು?

ನಿದ್ದೆ ಹತ್ತಿರ ಸುಳಿಯುವುದಿಲ್ಲ. ಕಣ್ಣು ಮುಚ್ಚಿದರೆ ಅದೊಂದೇ ಪದ. ಧಾರವಾಡದ ಹಾಸ್ಟೆಲಿನಲ್ಲಿ ನಮಗೆ ಉಪ್ಪಿಟ್ಟು ಬೋರ್, ಭಾನುವಾರ ಬೋರ್, ಪಾಠವಂತೂ ಮಹಾ ಬೋರ್. ಮದುವೆಯ ಹೊಸದರಲ್ಲಿ "ಬೋರ್ ಹೊಡೀತೈತ್ರಿ" ಅಂದರೆ ನೀವು "ಎಷ್ಟು ಫೂಟು?" ಅಂದು ನಗಿಸಿದ್ದಿರಿ. ಟ್ರ್ಯಾಕ್ಟರ್ ಹೊಗೆ ಉಗುಳಿದರೆ ಗ್ಯಾರೇಜಿನವನು "ಇಂಜಿನ್ ಬೋರ್ ಮಾಡಸಬೇಕ್ರಿ" ಅನ್ನುತ್ತಾನೆ. ಗೋಡೆಯ ಮೇಲಿನ ನಿಮ್ಮ ಅಜ್ಜನ ಬಂದೂಕು ಹನ್ನೆರಡು ಬೋರಿನದು. ಬಿ.ಎ.ಗೆ ಓದಿದ ಇಂಗ್ಲಿಷಿನಲ್ಲಿ ಅದಕ್ಕೆ ಹೊತ್ತಳು ಅಂತಲೂ ಅರ್ಥ, ತಾಳಿಕೊಂಡಳು ಅಂತಲೂ ಅರ್ಥ, ಹಡೆದಳು ಅಂತಲೂ ಅರ್ಥ. ಎಲ್ಲವನ್ನೂ ಬಾಯಿಪಾಠ ಮಾಡಿ ಪಾಸಾದವಳು ನಾನು. ಈಗ ಯಾರು ಆ ಪದ ಎತ್ತಿದರೂ ಹೊಲದ ಮೂಲೆಯ ಆ ಕರಿ ಬಾಯಿ ಬಿಟ್ಟು ಬೇರೇನೂ ಕಾಣುವುದಿಲ್ಲ.

ಶುಕ್ರವಾರದೊಳಗೆ ಮುಚ್ಚಳ ತೆಗೆದುಕೊಂಡು ಬನ್ನಿರಿ. ಬರಲಾಗದಿದ್ದರೆ ಮಾವನವರಿಗೆ ಫೋನ್ ಮಾಡಿ "ಬ್ಯಾಡ" ಅನ್ನಿರಿ. ನಿಮ್ಮ ಒಂದು ಮಾತು ಸಾಕು. ಎರಡೂ ಆಗದಿದ್ದರೆ ಶುಕ್ರವಾರ ಮುಂಜಾನೆಯ ಬಸ್ಸಿಗೆ ಮಧೂನ ಕರಕೊಂಡು ರಾಮದುರ್ಗಕ್ಕೆ, ನಮ್ಮ ಅವ್ವನ ಮನೆಗೆ ಹೋಗುತ್ತೇನೆ. ಗಂಗವ್ವನ ಉಡಿ ತಪ್ಪಿಸಿದ ಸೊಸೆಗೆ ಈ ಮನೆಯ ಬಾಗಿಲು ಮತ್ತೆ ತೆರೆಯಲಿಕ್ಕಿಲ್ಲ. ತಿಳಿದೇ ಬರೆಯುತ್ತಿದ್ದೇನೆ.

ಸುನೀಲನ ಕೈಯಲ್ಲಿ ಶೇಂಗಾ ಚಟ್ನಿ, ಕಟಕ ರೊಟ್ಟಿ ಕಳಿಸಿದ್ದೇನೆ, ಹುಡುಗರಿಗೂ ಕೊಡಿರಿ. ಬಿಸಿಲು ಬಹಳ, ತಲೆಗೆ ಟವೆಲ್ ಸುತ್ತಿಕೊಳ್ಳದೆ ನಿಲ್ಲಬೇಡಿರಿ. ಎಲ್ಲವ್ವ ತಾಯಿ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿಮ್ಮ,
ಅನ್ನಪೂರ್ಣಾ

ತಾ.ಕ.: ನನ್ನ ಫೋನು ಸಂತೆಯಲ್ಲಿ ಕಳೆಯಿತು ಅಂದಿದ್ದೆನಲ್ಲ, ಅದು ಸುಳ್ಳು. ಅವತ್ತು ಮುಂಜಾನೆ ನೀವು ಫೋನ್ ಮಾಡಿದಾಗ ಮಧು "ಅಪ್ಪಾ, ಅಪ್ಪಾ" ಅನ್ನುತ್ತ ಅದನ್ನು ಎತ್ತಿಕೊಂಡು ಬೋರಿನ ಹತ್ತಿರ ಇದ್ದ ಅಜ್ಜನ ಕಡೆ ಓಡಿದಳು. ನಾನು ಹೋಗಿ ಮುಟ್ಟುವಷ್ಟರಲ್ಲಿ, ಹರಳು ಬಿಟ್ಟ ಹಾಗೆ ಒಳಗೆ ಬಿಟ್ಟಿದ್ದಳು. ಅದು ಎಲ್ಲೋ ನಡುವೆ ಸಿಕ್ಕಿಕೊಂಡಿತು. ನೀವು ಮತ್ತೆ ಮತ್ತೆ ಮಾಡುತ್ತಲೇ ಇದ್ದಿರಿ, ಅದು ಒಳಗೆ ರಿಂಗಾಗುತ್ತಲೇ ಇತ್ತು. ಮಾವನವರು "ಗಂಗವ್ವ ಇಸಗೊಂಡ್ಲು, ಯಾರ ಮುಂದೂ ಆಡಬ್ಯಾಡ" ಅಂದರು. ಅಂದಿನಿಂದ ಮಧು ನೀವು ಅದರೊಳಗೇ ಇದ್ದೀರಿ ಅಂತ ನಂಬಿದ್ದಾಳೆ. ದಿನಾ ಬಗ್ಗಿ "ಅಪ್ಪಾ, ಮ್ಯಾಲೆ ಬಾ" ಅಂತ ಕರೆಯುತ್ತಿದ್ದಳು. ಇವತ್ತು ಮುಂಜಾನೆ ಹಾಗೆ ಕರೆಯಲಿಲ್ಲ. ಚಪ್ಪಲಿ ಬಿಚ್ಚಿದಳು, ದೇವರ ಮನೆಯ ಹೊಸ್ತಿಲಲ್ಲಿ ಬಿಟ್ಟಂತೆ ಎರಡನ್ನೂ ಅಂಚಿಗೆ ಜೋಡಿಸಿಟ್ಟಳು. ನಾನು ಓಡಿ ಎತ್ತಿಕೊಳ್ಳುವಾಗ ಒಳಗೆ ಮುಖ ಮಾಡಿ ಹೇಳುತ್ತಿದ್ದಳು: "ಅಪ್ಪಾ, ನಾನ ಬರ್ತೇನಿ."