ಮೂರನೆಯ ಸಲ ಕಟ್ಟಿದ ಊರು

ಕಾಮರಿನಾ,
ಕಾರ್ನೆಯೊಸ್ ಮಾಸ, ಹುಣ್ಣಿಮೆ ಕಳೆದ ಆರನೆಯ ದಿನ

ನನ್ನ ಮುದ್ದು ತಮ್ಮ ಫಿಂತಿಸ್,

ನೀನು, ಗ್ಲೂಕಾ, ಮಗು ಮೂವರೂ ನೆಮ್ಮದಿಯಾಗಿದ್ದೀರಿ ಎಂದು ನಂಬಿ ಇದನ್ನು ಬರೆಯುತ್ತಿದ್ದೇನೆ. ನಿನ್ನ ಪತ್ರ ಕೈಸೇರಿ ಎರಡು ತಿಂಗಳು ಮೀರಿತು. ಅಕ್ಕ ಮರೆತೇಬಿಟ್ಟಳು ಎಂದು ಬೈದುಕೊಂಡಿರುತ್ತೀಯ, ಬೈದುಕೋ. ಕೈತುಂಬ ಕೆಲಸವಿತ್ತು, ಹಾಳೆ ಸಿಗಲಿಲ್ಲ, ನಿಮ್ಮ ಕಡೆಗೆ ಹೋಗುವ ದೋಣಿ ಬರಲಿಲ್ಲ ಎಂದು ನೂರು ನೆಪ ಹೇಳಬಹುದು. ನಿಜವೇನೆಂದರೆ ಮೂರು ಸಲ ಬರೆಯಲು ಕುಳಿತೆ, ಮೂರು ಸಲವೂ ಎದ್ದುಹೋದೆ. ಇವತ್ತು ಏಳುವುದಿಲ್ಲ. ಎಣ್ಣೆ ವ್ಯಾಪಾರಿಯ ದೋಣಿ ನಾಳಿದ್ದು ಸಿರಾಕ್ಯೂಸಿಗೆ ಹೊರಡುತ್ತದೆ, ಅದರಲ್ಲಿ ಇದು ಬರಲೇಬೇಕು.

ಮೊದಲು ಮಗುವಿನ ಮಾತು. ಹೆಣ್ಣು ಹುಟ್ಟಿದ್ದಾಳೆ, ಅಮ್ಮನ ಹಾಗೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂದು ಬರೆದಿದ್ದೆಯಲ್ಲ, ಅಷ್ಟನ್ನು ಮಾತ್ರ ಅಮ್ಮ ನನ್ನಿಂದ ನಾಲ್ಕು ಸಲ ಓದಿಸಿದಳು. ಆಮೇಲೆ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡು, "ಇಲ್ಲಿ ಈಗೆಲ್ಲಿದೆ ಗುಳಿ, ಬರೀ ಸುಕ್ಕು. ಹೋಗ್ಲಿ, ಎಲ್ಲೋ ಒಂದ್ಕಡೆ ಉಳ್ಕೊಂಡಿತಲ್ಲ" ಎಂದಳು. ಅವಳ ಮಂಡಿನೋವು ಹಾಗೇ ಇದೆ, ಬಾಯಿ ಜೋರು ಕಡಿಮೆಯಾಗಿಲ್ಲ. ನಿನ್ನ ಭಾವ ಸೋಸಿಸ್ ಬಿಸಿಲಿಗೆ ಕಪ್ಪಗಾಗಿ ಕಾರ್ತೇಜಿನವನ ಹಾಗೆ ಕಾಣುತ್ತಾನೆ. ನಮ್ಮ ಮಗಳು ಮಿರ್ತೊಗೆ ಹದಿನಾಲ್ಕು ತುಂಬಿತು. ಜೇಡಿಮಣ್ಣು ತುಳಿದು ಹದ ಮಾಡುವುದರಲ್ಲಿ ಅವಳಪ್ಪನನ್ನೂ ಮೀರಿಸಿದ್ದಾಳೆ.

ನಾವು ಹೊರಟ ದಿನ ನೀನು ಊರಬಾಗಿಲವರೆಗೆ ಬಂದು ಆಡಿದ ಮಾತು ನನಗೆ ನೆನಪಿದೆ. "ಎರಡು ಸಲ ನೆಲಸಮ ಆದ ಊರಿಗೆ ಯಾರಾದ್ರೂ ಮೂರನೇ ಸಲ ಹೋಗ್ತಾರೇನೆ ಅಕ್ಕ? ನಮ್ಮೋರು ಮತ್ತೆ ಕೆಡವೋಕೆ ಹೊರಟ್ರೆ ಗುರಾಣಿ ಹಿಡ್ಕೊಂಡು ನಾನೂ ಬರ್ಬೇಕಾಗತ್ತೆ, ನೋಡು" ಎಂದು ನಕ್ಕೆ. ನಾನೂ ನಕ್ಕೆ. 'ನಮ್ಮೋರು' ಎಂದು ನೀನು ಹೇಳಿದ್ದು ಸಿರಾಕ್ಯೂಸಿನವರನ್ನು ಎಂಬುದು ಅರ್ಧ ದಾರಿ ಸಾಗಿದ ಮೇಲೆ ಹೊಳೆಯಿತು. ನಿನ್ನ ತಪ್ಪಲ್ಲ. ಅವರ ದೊರೆ ನಮ್ಮ ಊರನ್ನು ಖಾಲಿ ಮಾಡಿಸಿ, ಎಲ್ಲರನ್ನೂ ತನ್ನ ಊರಿಗೆ ಅಟ್ಟಿಕೊಂಡು ಹೋದಾಗ ನಿನಗೆ ಮೂರು ವರ್ಷ. ಸಿರಾಕ್ಯೂಸಿನ ಅನ್ನ, ಸಿರಾಕ್ಯೂಸಿನ ಗೆಳೆಯರು, ಸಿರಾಕ್ಯೂಸಿನ ಹೆಂಡತಿ. ಏಳು ವರ್ಷದವಳಾಗಿ ಅಪ್ಪ ಅಮ್ಮನ ಜೊತೆ ಕಾಮರಿನಾಗೆ ಬಂದಿದ್ದ ನನಗೆ ಆಗ ಹದಿನೈದು. ಇಪ್ಪತ್ತಮೂರು ವರ್ಷ ಆ ಊರಿನಲ್ಲಿದ್ದೂ ನಾನು ಒಂದು ದಿನವೂ ಅದನ್ನು 'ನಮ್ಮದು' ಎನ್ನಲಿಲ್ಲ. ಮೊಂಡುತನ ಎನ್ನುತ್ತೀಯ. ಹೌದು, ಮೊಂಡುತನವೇ.

ಇಲ್ಲಿಗೆ ಬಂದಾಗ ಊರು ಎನ್ನುವಂಥದ್ದು ಏನೂ ಇರಲಿಲ್ಲ. ಗುಡ್ಡದ ಮೇಲೆ ಅಥೇನಾ ದೇವಿಯ ಗುಡಿ, ಅದೂ ಅರ್ಧ ಚಾವಣಿ ಇಲ್ಲದ್ದು. ಕೆಳಗೆ ಮುಳ್ಳುಗಿಡ, ಜೌಗಿನ ಕಪ್ಪೆ. ಕೋಟೆಯ ಕಲ್ಲನ್ನು ಯಾರು ಯಾರೋ ಹೊತ್ತುಕೊಂಡು ಹೋಗಿದ್ದರು. ಗೇಲಾ ಊರಿನವರು ಹಗ್ಗ ಹಿಡಿದು ನೆಲ ಅಳೆದು ಬೀದಿ ಎಳೆಯುತ್ತಿದ್ದರು. ಊರನ್ನು ಮತ್ತೆ ನಿಲ್ಲಿಸುವ ಹೊಣೆ ಹೊತ್ತವರು ಅವರೇ ತಾನೆ. ಹೊಸಬರಿಗೆ ಚೀಟಿ ಎತ್ತಿ ನಿವೇಶನ ಕೊಡುತ್ತಿದ್ದರು. ಹಳಬರು ಯಾರಾದರೂ ತಮ್ಮ ಹಳೆಯ ಜಾಗವನ್ನು ಸಾಕ್ಷಿ ಸಮೇತ ತೋರಿಸಿದರೆ ಅದು ಅವರದೇ ಎಂದು ಸಾರಿದ್ದರು.

ನಾವು ಗಾಡಿ ಇಳಿದವರೇ ಹಿಪ್ಪಾರಿಸ್ ಹೊಳೆಯ ದಂಡೆಗೆ ನಡೆದೆವು, ಅಪ್ಪ ಮಡಕೆ ಸುಡುತ್ತಿದ್ದ ಆವಿಗೆಯ ಜಾಗಕ್ಕೆ. ಅಲ್ಲಿ ನಾಲ್ಕು ಮೂಲೆಗೂ ಗೂಟ ಹೊಡೆದು, ನಡುವೆ ಗುಡಿಸಲು ಹಾಕಿ, ಒಬ್ಬ ಎತ್ತರದ ಮನುಷ್ಯ ಈರುಳ್ಳಿ ಸುಲಿಯುತ್ತ ಕುಳಿತಿದ್ದ. ಆಂಟಾಲೋಸ್ ಅಂತ, ಗೇಲಾದವನು.

"ಇದು ನಮ್ಮ ಜಾಗ" ಎಂದೆ.

"ಚೀಟಿ ನನ್ನ ಹೆಸರಿಗೆ ಬಂತಲ್ಲ ತಾಯಿ" ಎಂದ ಅವನು, ಈರುಳ್ಳಿ ಕೆಳಗಿಡದೆ. "ಬೆಳಗಿಂದ ನೀವು ಮೂರನೆಯವರು. ಒಬ್ಬ ಇಲ್ಲಿ ನಮ್ಮಜ್ಜನ ಹಂದಿ ದೊಡ್ಡಿ ಇತ್ತು ಅಂದ. ಎಲ್ರಿಗೂ ಹೊಳೆ ದಂಡೇನೇ ಬೇಕು."

ಅಮ್ಮ ಸೋಸಿಸನ ತೋಳು ಬಿಟ್ಟು ಮುಂದೆ ಬಂದಳು. "ಏನಪ್ಪಾ, ನೀರಿಗೇನು ಮಾಡ್ತೀಯ?"

"ಹೊಳೆಯಿಂದ ತರ್ತೀನಿ."

"ಬಾವಿ ಮೇಲೆ ಕೂತ್ಕೊಂಡು ಹೊಳೆ ನೀರು ತರೋ ಜಾಣನ್ನ ಇವತ್ತೇ ನೋಡಿದ್ದು ನಾನು. ಏಳು ಮೇಲೆ."

ಅವನು ಎದ್ದ, ಫಿಂತಿಸ್! ನಗು ತಡೆದುಕೊಂಡು ಎದ್ದ. ಅಮ್ಮ ಕಾಲಿನಿಂದ ಮಣ್ಣು ಕೆದರಿ, "ಇಲ್ಲಿ ಅಗೀರಿ" ಎಂದಳು. "ಎರಡಾಳು ಆಳಕ್ಕೆ ಬರೀ ಒಡಕು ಮಡಕೆ ಸಿಗತ್ತೆ. ಸೈನಿಕರು ಬಂದ ದಿನ ಆವಿಗೆ ಇನ್ನೂ ಬಿಸಿ ಇತ್ತು. ನಮ್ಮನೆಯವರು ಕೈ ಸುಟ್ಕೊಂಡು ಒಂದೊಂದೇ ತೆಗ್ದು ಬಾವಿಗೆ ಎಸೆದ್ರು. ಆ ನಾಯಿಗಳು ನನ್ನ ಬಟ್ಟಲಲ್ಲಿ ಕುಡೀಬಾರ್ದು ಅಂತ. ಪ್ರತಿಯೊಂದ್ರ ತಳದಲ್ಲೂ ಹೆಬ್ಬೆರಳಿನ ಉಗುರಲ್ಲಿ ಗೀರಿದ ಮೀನು ಇರತ್ತೆ. ಇಲ್ದಿದ್ರೆ ನಾನು ಬಂದ ದಾರೀಲೇ ವಾಪಸ್ ಹೋಗ್ತೀನಿ."

ಸೋಸಿಸ್ ಅಗೆಯತೊಡಗಿದ. ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದ ಆಂಟಾಲೋಸನೂ ತನ್ನ ಗುದ್ದಲಿ ತಂದ. ಮಧ್ಯಾಹ್ನ ದಾಟಿದ ಮೇಲೆ ಬಾವಿಯ ಕಟ್ಟೆಕಲ್ಲು ಸಿಕ್ಕಿತು. ಅದರೊಳಗೆ ಮೊದಲ ಚೂರನ್ನು ಎತ್ತಿದವನು ಆಂಟಾಲೋಸನೇ. ಅಂಗಿಯ ತುದಿಯಿಂದ ಮಣ್ಣು ಒರೆಸಿ ಬಿಸಿಲಿಗೆ ಹಿಡಿದ. ಅಪ್ಪನ ಮೀನು.

ಅವನು ಆ ಚೂರನ್ನು ಅಮ್ಮನ ಕೈಗಿಟ್ಟ. ಆಮೇಲೆ ಹೇಳಿದ: "ನಮ್ಮೂರನ್ನೂ ಅದೇ ದೊರೆ ಅರ್ಧ ಖಾಲಿ ಮಾಡ್ಸಿದ. ನಾನೂ ಸಿರಾಕ್ಯೂಸಲ್ಲೇ ಬೆಳ್ದಿದ್ದು. ನಮ್ಮಪ್ಪ ಸಾಯೋವರ್ಗೂ ಗೇಲಾದ ಮನೆ ಬಾಗಿಲಿಗೆ ಬೀಗ ಹಾಕಿದ್ನೋ ಇಲ್ವೋ ಅಂತಾನೇ ಕೇಳ್ತಿದ್ದ." ನಂತರ ಗುದ್ದಲಿ ಹೆಗಲಿಗೇರಿಸಿ, "ಹಂಗಂತ ಬಿಟ್ಕೊಟ್ಟೆ ಅಂದ್ಕೋಬೇಡಿ. ಪಟ್ಟಿ ಬರೆಯೋ ಹಿರಿಯರ ಹತ್ರ ಹೋಗೋಣ. ನಿಮ್ದು ಅಂದ್ರೆ ನಿಮ್ದು, ನಂದು ಅಂದ್ರೆ ನೀವು ತಕರಾರು ಎತ್ತಬಾರ್ದು" ಎಂದ.

ನಾಲ್ಕು ದಿನ ಬಿಟ್ಟು ಗುಡಿಯ ಮೆಟ್ಟಿಲ ಬಳಿ ವಿಚಾರಣೆ ಆಯಿತು. ಮೂವರು ಹಿರಿಯರು, ಪಕ್ಕದಲ್ಲಿ ಸೀಸದ ತಗಡಿನ ಮೇಲೆ ಪೌರರ ಹೆಸರು ಕೊರೆಯುವ ಲಿಪಿಕಾರ. ಆಂಟಾಲೋಸ್ ಎದ್ದುನಿಂತು, "ಬಾವಿ ಇರೋದು ನಿಜ, ಮೀನಿನ ಗುರುತು ಇರೋದೂ ನಿಜ, ಅಗೆಯೋಕೆ ಮುಂಚೇನೇ ಈ ಅಮ್ಮ ಹೇಳಿದ್ದೂ ನಿಜ" ಎಂದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ. ಹಿರಿಯರು ಅಮ್ಮನನ್ನು ಇನ್ನೂ ಒಂದೆರಡು ಮಾತು ಕೇಳಿದರು. ಅಮ್ಮ ಉತ್ತರಿಸಿದಳು. ಜಾಗ ನಮಗೆ ಬಂತು. ತೀರಿಹೋದ ನಮ್ಮಪ್ಪ ಮಿಲ್ಲೋಸನ ಅಳಿಯ ಎಂದು ಸೋಸಿಸನ ಹೆಸರು ಪಟ್ಟಿಗೆ ಹತ್ತಿತು. ಆಂಟಾಲೋಸನಿಗೆ ಮೇಲಿನ ಕಲ್ಲುಭೂಮಿ ಸಿಕ್ಕಿತು. ಅಲ್ಲಿ ನೀರಿಲ್ಲ; ದಿನಾ ನಮ್ಮ ಬಾವಿಗೇ ಬರುತ್ತಾನೆ.

ಆಮೇಲಿನದು ಬರೀ ದುಡಿಮೆ. ಬಾವಿ ಬರಿದು ಮಾಡಲು ಹತ್ತು ದಿನ. ಆವಿಗೆಯ ಹಳೆಯ ತಳ ಸಿಕ್ಕಿತು, ಅದರ ಮೇಲೇ ಹೊಸ ಗೋಡೆ ಎಬ್ಬಿಸಿದೆವು. ಮೊದಲ ಸುಡುವಿಕೆಯಲ್ಲಿ ಒಂದು ಗಡಿಗೆಯೂ ಉಳಿಯಲಿಲ್ಲ, ಎಲ್ಲಕ್ಕೂ ಬಿರುಕು. ಸೋಸಿಸ್ ತಲೆ ಮೇಲೆ ಕೈ ಹೊತ್ತು ಕುಳಿತ. "ನೀರು ಬೇರೆ, ಮರಳು ಬೇರೆ. ಸಿರಾಕ್ಯೂಸಿನ ಕೈ ಈ ಮಣ್ಣಿಗೆ ಒಗ್ಗಲ್ಲ" ಎಂದ. ನಾನು ಹೇಳಿದೆ, "ಹಂಗಾದ್ರೆ ಕೈಗೆ ಹೊಸದಾಗಿ ಕಲಿಸು." ಮರಳು ಹೆಚ್ಚಿಸಿದೆವು, ನೆರಳಲ್ಲಿ ನಿಧಾನ ಒಣಗಿಸಿದೆವು. ಎರಡನೆಯ ಸಲ ಅರ್ಧ ಉಳಿಯಿತು. ಮೂರನೆಯ ಸಲ ಮಿರ್ತೊ ಒಂದು ಹೂಜಿಯನ್ನು ಬೆರಳಿಂದ ಬಡಿದಾಗ ಕಂಚಿನ ಹಾಗೆ ಠಣ್ ಎಂದಿತು. ಬೀದಿಯವರೆಲ್ಲ ಬಂದು ಒಬ್ಬೊಬ್ಬರಾಗಿ ಬಡಿದು ನೋಡಿದರು. ಈಗ ಕಾಮರಿನಾದಲ್ಲಿ ನೀರು, ಎಣ್ಣೆ, ಉಪ್ಪುಮೀನು ಏನಿಟ್ಟರೂ ಮುಕ್ಕಾಲು ಪಾಲು ಇಡುವುದು ನಮ್ಮ ಮಡಕೆಯಲ್ಲಿ.

ಕೋಟೆಯ ಕೆಲಸಕ್ಕೆ ವಾರಕ್ಕೆರಡು ದಿನ ಪ್ರತಿ ಮನೆಯಿಂದಲೂ ಆಳು ಹೋಗಬೇಕು. ನಾನು ಹೋಗುತ್ತೇನೆ. ಮೊನ್ನೆ ಕಲ್ಲು ಹೊರುವಾಗ ಪಕ್ಕದ ಮನೆಯಾಕೆ ಕೇಳಿದಳು, "ಸಿರಾಕ್ಯೂಸಿನವರು ಮತ್ತೆ ಬಂದ್ರೆ ಈ ಮೋಟುಗೋಡೆ ತಡೆಯತ್ತಾ?" ತಡೆಯದಿರಬಹುದು. ಅವರು ಈಗ ಒಪ್ಪಂದ ಮಾಡಿಕೊಂಡಿದ್ದಾರೆ, ದೊರೆಗಳ ಕಾಲ ಮುಗಿಯಿತು ಎನ್ನುತ್ತಾರೆ. ಆದರೂ ನಮ್ಮ ಮುತ್ತಜ್ಜನ ಕಾಲದಲ್ಲಿ ಒಮ್ಮೆ, ನಮ್ಮ ಕಾಲದಲ್ಲಿ ಒಮ್ಮೆ ಅವರು ಈ ಊರನ್ನು ಒರೆಸಿಹಾಕಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಅವಳಿಗೆ ಹೇಳಿದೆ, "ಕೆಡವಕ್ಕೆ ಬರೋರಿಗೆ ಸ್ವಲ್ಪ ಜಾಸ್ತಿ ಕೆಲಸ ಕೊಡೋಣ, ಹೊರು." ನಾನು ಇಲ್ಲಿಂದ ಇನ್ನು ಕದಲುವುದಿಲ್ಲ, ಫಿಂತಿಸ್. ನಡೆಸಿಕೊಂಡು ಹೋಗಲು ಯಾರಿಂದಲೂ ಆಗದು. ಬೇಕಾದರೆ ಹೊತ್ತುಕೊಂಡು ಹೋಗಲಿ.

ಗ್ಲೂಕಾಗೆ ಎದೆಹಾಲು ಸಾಲದಿದ್ದರೆ ಬಾರ್ಲಿ ಗಂಜಿಗೆ ಸೋಂಪು ಹಾಕಿ ಕುಡಿಯಲು ಹೇಳು. ನಿನ್ನ ಸೈನ್ಯದ ಕೆಲಸದಲ್ಲಿ ಮುಂದಿನ ಸಾಲಿಗೆ ನುಗ್ಗಬೇಡ. ಅಥೇನಾ ನಿನ್ನ ಮನೆಬಾಗಿಲು ಕಾಯಲಿ, ಮಗುವಿಗೆ ಹಲ್ಲು ನೋವಿಲ್ಲದೆ ಬರಲಿ, ನಿಮ್ಮಿಬ್ಬರ ಕೂದಲು ಒಟ್ಟಿಗೆ ನರೆಯಲಿ.

ನಿನ್ನ ಅಕ್ಕ,
ನಿಕಾಸೊ

ಮರೆತದ್ದಲ್ಲ, ಬರೆಯಲು ಹೆದರಿ ಕೊನೆಗೆ ಉಳಿಸಿಕೊಂಡದ್ದು:

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಮಗುವನ್ನು ಅಮ್ಮನಿಗೆ ತೋರಿಸಲು ಬರುತ್ತೇನೆ ಎಂದು ಬರೆದಿದ್ದೀಯ. ಅದಕ್ಕೇ ಇಷ್ಟು ದಿನ ಉತ್ತರಿಸಲಾಗಲಿಲ್ಲ.

ಹಿರಿಯರು ಆ ದಿನ ಅಮ್ಮನನ್ನು ಕೇಳಿದ್ದು ಇದು: "ಮಿಲ್ಲೋಸನಿಗೆ ಗಂಡುಮಕ್ಕಳು ಎಷ್ಟು?" ಮಗನಿದ್ದರೆ ಅವನೇ ಬಂದು ಪಟ್ಟಿಗೆ ಹೆಸರು ಕೊಡಬೇಕು. ಅವನು ಬೇರೆ ಊರಿನ ಪೌರನಾಗಿ, ಅದರಲ್ಲೂ ಸಿರಾಕ್ಯೂಸಿನ ಸೈನ್ಯದಲ್ಲಿದ್ದರೆ ಮನೆಯವರ ಹಕ್ಕು ಬಿದ್ದುಹೋಗುತ್ತದೆ, ಚೀಟಿ ಎತ್ತಿದವನಿಗೇ ಜಾಗ. ಮಗನೇ ಇಲ್ಲದಿದ್ದರೆ ಮಾತ್ರ ಅದು ಮಗಳ ಗಂಡನಿಗೆ. ಈ ನಿಯಮ ನನಗೆ ಹಿಂದಿನ ದಿನವೇ ತಿಳಿದಿತ್ತು. ಅಮ್ಮನಿಗೆ ಉತ್ತರ ಹೇಳಿಕೊಟ್ಟವಳು ನಾನು.

ಅಮ್ಮ ನೆಟ್ಟಗೆ ನಿಂತು, "ಒಬ್ಬ ಇದ್ದ. ದಾರೀಲಿ ಹೋಗ್ಬಿಟ್ಟ" ಎಂದಳು. ಲಿಪಿಕಾರ ತಲೆಯೆತ್ತಿ, "ವಯಸ್ಸೆಷ್ಟಿತ್ತು ಅವ್ವ?" ಎಂದು ಕೇಳಿದ. "ಮೂರು" ಎಂದಳು. ಆಂಟಾಲೋಸ್ ಅವಳ ಬೆನ್ನು ಸವರಿದ. ಅವನಿಗೆ ಸಲ್ಲಬೇಕಾದ ಜಾಗವನ್ನು ಕಿತ್ತುಕೊಳ್ಳುತ್ತಿದ್ದ ಸುಳ್ಳಿಗೆ ಅವನೇ ಸಮಾಧಾನ ಹೇಳಿದ. ಈಗಲೂ ಹಬ್ಬ ಬಂದರೆ ಸತ್ತ ಮಗುವಿನ ಹೆಸರಲ್ಲಿ ಅವನ ಹೆಂಡತಿ ಅಮ್ಮನಿಗೆ ಜೇನುರೊಟ್ಟಿ ಕಳಿಸುತ್ತಾಳೆ. ಅಮ್ಮ ಅದನ್ನು ಬಾಯಿಗಿಡುವುದಿಲ್ಲ.

ನಾವು ನಾಲ್ವರು ಬೇರೆಲ್ಲೋ ಹುಟ್ಟಿ ಇಲ್ಲಿಗೆ ಬಂದವರು. ನಮ್ಮ ಮನೆಯಲ್ಲಿ ಕಾಮರಿನಾದ ನೆಲದಲ್ಲೇ ಹುಟ್ಟಿದವನು ನೀನೊಬ್ಬನೇ. ಆ ಒಬ್ಬನನ್ನು ನಾನು ಅಳಿಸಿದೆ. ಕ್ಷಮಿಸು ಎಂದು ಕೇಳಲಾರೆ, ಏಕೆಂದರೆ ನಾಳೆ ಮತ್ತೆ ಕೇಳಿದರೂ ಅದೇ ಉತ್ತರ ಕೊಡಿಸುತ್ತೇನೆ.

ಆದರೆ ನೀನು ಬಾ. ಬರಬೇಡ ಎನ್ನಲು ನನ್ನಿಂದಾಗದು. ಊರಬಾಗಿಲಲ್ಲಿ ಅಪ್ಪನ ಹೆಸರು ಹೇಳಬೇಡ. ಮಡಕೆ ಕೊಳ್ಳಲು ಬಂದ ಸಿರಾಕ್ಯೂಸಿನವನು ಎನ್ನು, ಯಾರನ್ನಾದರೂ ಕುಂಬಾರ ಸೋಸಿಸನ ಮನೆ ಕೇಳು. ಎಲ್ಲರ ಎದುರಿಗೆ ನನ್ನನ್ನು ಅಕ್ಕ ಎನ್ನಬೇಡ. ಬಂದವನೇ ಮಗುವನ್ನು ಅಮ್ಮನ ಕೈಗೆ ಕೊಡು. ಪರದೇಶದವರ ಕೂಸನ್ನು ಮುದುಕಿಯೊಬ್ಬಳು ಎತ್ತಿಕೊಂಡು ಅತ್ತರೆ ಯಾರೂ ಏಕೆ ಎಂದು ಕೇಳುವುದಿಲ್ಲ.