ಕಾಲರಿಗೆ ಕತ್ತರಿಸಿದ ಅರ್ಜಿ

ಅಂಗಡಿಯಿಂದ,
ಹನ್ನೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಚಿನಕುರುಳಿಗೆ,

ಅಮ್ಮನ ಆಶೀರ್ವಾದ. ನಾನು ಕ್ಷೇಮ, ಅಲ್ಲ ಅಂತ ನೀನು ಎಲ್ಲಾದರೂ ಬರೆದುಕೊಂಡಿದ್ದರೆ ಅಳಿಸಿ ಹಾಕು.

ಫೋನು ಮಾಡಬಹುದಿತ್ತು. ಆದರೆ ಈಚೆಗೆ ನೀನು ಒಂದು ಪ್ರಶ್ನೆ ಕೇಳಿ ಸುಮ್ಮನಾಗಿಬಿಡುತ್ತೀಯ, ಆ ಮೌನ ತುಂಬಿಸಲು ನಾನು ಏನೇನೋ ಒದರುತ್ತೇನೆ. ಮೂರು ಭಾನುವಾರದಿಂದ ಗಮನಿಸಿದ್ದೇನೆ. ಮೊದಲ ವಾರ ನನ್ನ ನಿದ್ದೆಯ ವಿಚಾರ, ಆಮೇಲೆ ನಿಮ್ಮಪ್ಪ ಮನೆ ಬಿಟ್ಟು ಹೋದ ವರ್ಷ, ಕಳೆದ ವಾರ ‘ಆಗ ನಿನಗೆ ಹೇಗನಿಸುತ್ತಿತ್ತಮ್ಮಾ’ ಅಂತ. ಇಪ್ಪತ್ತಾರು ವರ್ಷ ಗಿರಾಕಿಗಳ ಸೊಂಟ ಅಳೆದವಳು ನಾನು. ಉಸಿರೆಳೆದು ಹೊಟ್ಟೆ ಒಳಗೆ ಹಾಕಿಕೊಂಡವರು ಯಾರು ಅಂತ ಟೇಪು ಹಿಡಿಯುವ ಮುಂಚೆಯೇ ಗೊತ್ತಾಗುತ್ತದೆ.

ಮೊನ್ನೆ ನೀನು ಸಿಕ್ಕಿಬಿದ್ದೆ. ನೀನು ಕಪಾಟಿನ ಮೇಲೆ ಬಿಟ್ಟುಹೋದ ಹಾಳೆಗಳನ್ನು ರದ್ದಿ ಅಂದುಕೊಂಡು ಕಾಲರಿನ ಮಾದರಿ ಕತ್ತರಿಸಿದೆ. ಬಟ್ಟೆಯ ಮೇಲಿಟ್ಟು ಸುತ್ತ ಗೆರೆ ಎಳೆಯುವಾಗ ಕಣ್ಣಿಗೆ ಬಿತ್ತು: ‘ನನ್ನ ಅಮ್ಮ ಒಂದು ವರ್ಷ’. ಅಲ್ಲಿಗೆ ಕತ್ತರಿ ಆಡಿತ್ತು. ಒಂದು ವರ್ಷ ಅಮ್ಮ ಏನು ಮಾಡಿದಳು, ಜೈಲಿಗೆ ಹೋಗಿದ್ದಳಾ? ಕಸದ ಬುಟ್ಟಿ ಸುರಿದು, ಚೂರುಗಳನ್ನು ಗುಂಡುಸೂಜಿ ಚುಚ್ಚಿ ಜೋಡಿಸಿದೆ. ಅಂಗಡಿಯಲ್ಲಿ ಗುಂಡಿ, ಕಾಜಾ ಹೊಲಿಯುವ ಅಕ್ಕ ಹೆಗಲ ಮೇಲಿಂದ ಇಣುಕಿದಳು. ಕರೆಂಟು ಬಿಲ್ಲು ಅಂದೆ. ಕರೆಂಟು ಬಿಲ್ಲಿಗೆ ಇಷ್ಟೊಂದು ಸೂಜಿಯಾ ಅಂತ ಗೊಣಗಿಕೊಂಡು ಹೋದಳು.

ನೋಡಿದರೆ, ಮನಶ್ಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಲು ನೀನು ಹಾಕಬೇಕೆಂದಿರುವ ಅರ್ಜಿ. ಯಾಕೆ ಓದಬೇಕು ಅಂತ ಯೂನಿವರ್ಸಿಟಿಯವರು ಕೇಳಿದ್ದಾರೆ. ‘ನನಗೆ ಎಂಟು ವರ್ಷವಿದ್ದಾಗ ನನ್ನ ಅಮ್ಮ ಒಂದು ವರ್ಷ ಯಾರ ಹತ್ತಿರವೂ ಮಾತಾಡಲಿಲ್ಲ, ನನ್ನಿಂದಲೇ ಹೀಗಾಯಿತು ಅಂದುಕೊಂಡೆ, ಅಂಥ ಮನೆಗಳ ಮಕ್ಕಳ ಬಗ್ಗೆ ಸಂಶೋಧನೆ ಮಾಡಬೇಕು’ ಅಂತ ನೀನು ಬರೆದಿದ್ದೀಯ. ಅಂಚಿನಲ್ಲಿ ಪೆನ್ಸಿಲಿನಿಂದ, ಅಮ್ಮ ಒಪ್ಪದಿದ್ದರೆ ಕಳಿಸುವುದಿಲ್ಲ ಅಂತ. ಕೊನೆಯ ದಿನ ಇಪ್ಪತ್ತು.

ಒಪ್ಪುವುದು ಹೇಗೆ? ಊರವರ ಮನೆಯ ಗುಟ್ಟು ಕೇಳಿ ಸೀಟು ಕೊಡುವ ಈ ಮೇಷ್ಟರುಗಳು ತಮ್ಮ ಮನೆಯದ್ದನ್ನು ಎಲ್ಲಿ ಬರೆದಿಟ್ಟಿದ್ದಾರೆ? ನಾಳೆ ನನ್ನನ್ನೂ ಕುರ್ಚಿಯಲ್ಲಿ ಕೂರಿಸಿ ‘ಹೇಗನಿಸಿತು’ ಅಂತ ಶುರು ಮಾಡಿದರೆ? ಸಾಲದ್ದಕ್ಕೆ ಬರೆದದ್ದೂ ತಪ್ಪು. ಒಂದು ವರ್ಷವಲ್ಲ, ಏಳು ತಿಂಗಳು ಹನ್ನೊಂದು ದಿನ. ಗಂಟಲು ಕೆಟ್ಟಿತ್ತು, ಅಷ್ಟೆ. ಮಾತಾಡಬೇಡಿ ಅಂತ ಡಾಕ್ಟರು ಹೇಳಿದ್ದರು. ಯಾವ ಡಾಕ್ಟರು ಅಂತ ಕೇಳಬೇಡ, ತೀರಿಕೊಂಡರು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇತಿ,
ಯಾರ ಸಂಶೋಧನೆಗೂ ಸಿಗದ
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಯಾವ ಡಾಕ್ಟರೂ ಇರಲಿಲ್ಲ. ಬಾಯಿ ತೆರೆದರೆ ಅಳು ಬರುತ್ತಿತ್ತು, ಅದಕ್ಕೇ ಬೆಳಿಗ್ಗೆಯಿಂದ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದೆ. ಹೊಲಿಯುವವಳ ಬಾಯಲ್ಲಿ ಸೂಜಿಯಿದ್ದರೆ ಯಾರೂ ಮಾತಾಡಿಸುವುದಿಲ್ಲ. ಒಂದು ದಿನ ತಿರುಗಿ ನೋಡಿದರೆ, ನೀನು ಸ್ಟೂಲಿನ ಮೇಲೆ ಕೂತು, ಥೇಟು ನನ್ನ ಹಾಗೆ, ತುಟಿಯಲ್ಲಿ ನಾಲ್ಕು ಸೂಜಿ ಕಚ್ಚಿಕೊಂಡಿದ್ದೆ. ಉಗಿಯೇ, ಉಗಿ ಅಂತ ಕಿರುಚಿದೆ. ಅದೇ ಮೊದಲ ಮಾತು. ಮಾತು ನಿಂತದ್ದು ಯಾರಿಂದಲೋ, ಶುರುವಾದದ್ದು ನಿನ್ನಿಂದ. ಇದನ್ನೂ ಸೇರಿಸಿ, ಲೆಕ್ಕ ತಿದ್ದಿ, ಇಪ್ಪತ್ತರೊಳಗೆ ಕಳಿಸು. ಚೂರುಗಳನ್ನು ಜೊತೆಗಿಟ್ಟಿದ್ದೇನೆ. ಸೂಜಿ ತೆಗೆದಿಲ್ಲ, ಬಿಚ್ಚುವಾಗ ಕೈ ಜೋಪಾನ.